ಸಕ್ಕರೆ ನೀರು

ಫೆಬ್ರವರಿ 11, 2024, ಭಾನುವಾರ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಬೆಳಿಗ್ಗೆ ಹಮ್ಮಿಂಗ್ ಬರ್ಡ್ ಹಕ್ಕಿಗೆ ಸಕ್ಕರೆ ನೀರಿಡುವ ಫೀಡರ್ ತೊಳೆಯಲು ಒಳಗೆ ತಂದವಳು ಕಾಫಿ ಕುಡಿಯುತ್ತಾ ಮರೆತೇಬಿಟ್ಟೆ. ಅಮ್ಮ ಅಡುಗೆಮನೆಯಿಂದ ಕೂಗಿದಳು, "ಬಾರೇ ಇಲ್ಲಿ, ಶ್ಯಾನುಭೋಗ ಬಂದು ಕೇಳ್ತಾ ಇದ್ದಾನೆ."

ಹಮ್ಮಿಂಗ್ ಬರ್ಡ್ ಕೊಕ್ಕೆಯ ಕೆಳಗೆ, ದಿನಾ ಫೀಡರ್ ಇರುವ ಜಾಗದಲ್ಲೇ ಗಾಳಿಯಲ್ಲಿ ನಿಂತಿತ್ತು. ಗೇಣಷ್ಟು ಹಿಂದಕ್ಕೆ ಹಾರಿತು, ಮತ್ತೆ ಮುಂದೆ ಬಂತು, ಆಮೇಲೆ ಕಿಟಕಿ ಗಾಜಿನ ಹತ್ತಿರ ಬಂದು ನಮ್ಮಿಬ್ಬರನ್ನೂ ನೋಡಿತು. ಗಂಟಲು ಇದ್ದಿಲಿನಷ್ಟು ಕಪ್ಪು. ಕತ್ತು ತಿರುಗಿಸಿದ್ದೇ ತಡ, ತಲೆಯಿಂದ ಗಂಟಲವರೆಗೆ ಧಗ್ಗನೆ ಗುಲಾಬಿ. ಅನ್ನಾಸ್ ಜಾತಿಯ ಗಂಡು ಅದು. ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಬಣ್ಣ ಹೊತ್ತಿಕೊಳ್ಳುತ್ತದೆ, ಆರುತ್ತದೆ. "ಎರಡು ಬಣ್ಣ ಹೊಡೆಯೋ ರೇಷ್ಮೆ ಸೀರೆ," ಅಂದಳು ಅಮ್ಮ. ಬಂದ ಹೊಸದರಲ್ಲಿ ಇದನ್ನು ಸೂರಕ್ಕಿ ಅಂತಲೇ ವಾದಿಸಿದ್ದಳು.

ಸಕ್ಕರೆ ನೀರು ಕಾಯಿಸುವಾಗ ಮತ್ತೆ ಅದೇ ಜಗಳ.

"ಬೆಲ್ಲ ಹಾಕೇ ಮಾರಾಯ್ತಿ, ಪಾಪ, ಮೈಗೆ ಒಳ್ಳೇದು."

ಬೆಲ್ಲದಲ್ಲಿರುವ ಕಬ್ಬಿಣ ಇವಕ್ಕೆ ಆಗುವುದಿಲ್ಲ, ಜೇನುತುಪ್ಪವೂ ಕೂಡದು, ಬೇಗ ಬೂಷ್ಟು ಹಿಡಿಯುತ್ತೆ ಅಂದೆ. ಬರೀ ಬಿಳಿ ಸಕ್ಕರೆ, ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಕೆಂಪು ಬಣ್ಣವನ್ನೂ ಬೆರೆಸಬಾರದು, ಫೀಡರ್ ಕೆಂಪಗಿದ್ದರೆ ಸಾಕು.

"ನಾಲ್ಕು ಲೋಟವಾ? ನೆಂಟರಿಗೆ ಇಂಥ ಪಾನಕ ಕೊಟ್ಟಿದ್ರೆ ನಿಮ್ಮಜ್ಜಿ ನನ್ನ ಸುಮ್ನೆ ಬಿಡ್ತಿದ್ರಾ?"

ಇರುವೆ ಹತ್ತದಂತೆ ಫೀಡರ್ ಮೇಲೊಂದು ನೀರಿನ ಬಟ್ಟಲಿದೆ, ಅದಕ್ಕೆ ಬೇರೆ ದುಡ್ಡು ಕೊಟ್ಟಿದ್ದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು. ತೀರ್ಥಹಳ್ಳಿಯಲ್ಲಿ ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುತ್ತಿದ್ದದ್ದಕ್ಕೆ ಯಾರಿಗೂ ಒಂದು ಪೈಸೆ ಕೊಟ್ಟಿರಲಿಲ್ಲವಂತೆ.

ಶ್ಯಾನುಭೋಗ ಎಂಬ ಹೆಸರು ಅವನ ಲೆಕ್ಕಾಚಾರ ನೋಡಿ ಅವಳೇ ಇಟ್ಟದ್ದು. ನಿಂಬೆಗಿಡದ ಒಣ ಕಡ್ಡಿಯ ಮೇಲೆ ಕೂತು ಇಡೀ ದಿನ ಕಾವಲು. ತೂಕ ನಾಲ್ಕೈದು ಗ್ರಾಂ, ಹೆಚ್ಚು ಕಡಿಮೆ ಒಂದು ಟೀ ಚಮಚ ಸಕ್ಕರೆಯಷ್ಟು. ಬೇರೆ ಯಾರಾದರೂ ಫೀಡರಿಗೆ ಬಾಯಿ ಹಾಕಿದರೋ, ಬೇಲಿ ದಾಟುವವರೆಗೂ ಅಟ್ಟಿಸಿಕೊಂಡು ಹೋಗುತ್ತಾನೆ. ಹಸಿರು ಬೆನ್ನಿನ ಹೆಣ್ಣೊಂದು ದಿನಾ ಬೈಸಿಕೊಂಡು ಹೋಗುತ್ತದೆ. ಅಮ್ಮ ಎರಡು ದಿನ ನೋಡಿ ತೀರ್ಪು ಕೊಟ್ಟಳು: "ಮನೆ ಆ ಕಡೆ, ಅವನ ಕಣ್ಣಿಗೆ ಬೀಳದ ಹಾಗೆ ಇನ್ನೊಂದು ಒಲೆ ಹೂಡು. ಎರಡು ಕಡೆ ಕಾಯಕ್ಕೆ ಅವನಿಗೂ ಆಗಲ್ಲ." ಹಕ್ಕಿ ಬಲ್ಲವರು ಹೇಳುವುದೂ ಇದನ್ನೇ. ಅವಳು ಕಲಿತದ್ದು ನಮ್ಮ ದೊಡ್ಡಪ್ಪಂದಿರು ಪಾಲಾದಾಗ.

ಹೋದ ಭಾನುವಾರದ ಗಾಳಿಮಳೆಗೆ ಕರೆಂಟ್ ಹೋಗಿ ಕತ್ತಲಲ್ಲಿ ಕೂತಿದ್ದಾಗ ಅಮ್ಮ ಕೇಳಿದ್ದೂ ಅವನನ್ನೇ, ಈ ಚಳಿಯಲ್ಲಿ ಎಲ್ಲಿ ಮಲಗಿರ್ತಾನೆ ಅಂತ. ಚಳಿ ರಾತ್ರಿಗಳಲ್ಲಿ ಮೈಬಿಸಿ ಇಳಿಸಿ, ಎದೆಬಡಿತ ನಿಧಾನ ಮಾಡಿಕೊಂಡು ಸತ್ತಂತೆ ಇದ್ದುಬಿಡುತ್ತವೆ ಎಂದೆ. "ಬೆಳಿಗ್ಗೆ ಏಳತ್ತಲ್ಲ?" ಏಳತ್ತಮ್ಮ. ಎರಡು ಸಲ ಕೇಳಿದಳು.

ಇವತ್ತು ಮಧ್ಯಾಹ್ನ ಸೂಟ್‌ಕೇಸ್ ತೂಕ ಹಾಕುತ್ತಿದ್ದವಳು ತಟ್ಟನೆ, "ಮೇನಲ್ಲಿ ನೀನು ಊರಿಗೆ ಬಂದ್ರೆ ಇದಕ್ಕೆ ಯಾರು ಹಾಕೋದು?" ಅಂದಳು.

ಯಾರೂ ಹಾಕದಿದ್ದರೂ ನಡೆಯುತ್ತೆ, ಹೂವಿದೆ, ಸಣ್ಣ ಹುಳಗಳಿವೆ, ನಮ್ಮದನ್ನೇ ನಂಬಿ ಬದುಕಿಲ್ಲ ಎಂದೆ. ಹೇಳಿದ್ದು ನಿಜವೇ. ಆದರೆ ಅಮ್ಮ ಸ್ವಲ್ಪ ಹೊತ್ತು ಸೀರೆ ಮಡಚುತ್ತಲೇ ಇದ್ದಳು.

"ಆದ್ರೂ ಖಾಲಿ ಕೊಕ್ಕೆ ಹತ್ರ ಬಂದು ನೋಡತ್ತಲ್ಲೇ."

ಎರಡನೇ ಫೀಡರ್ ಮಂಗಳವಾರ ಬರುತ್ತೆ. ಜಾಗವನ್ನೂ ಅಮ್ಮನೇ ಗೊತ್ತು ಮಾಡಿದ್ದಾಳೆ, ತಾನು ಮಲಗುವ ರೂಮಿನ ಕಿಟಕಿಯಾಚೆ. ಅವಳು ಹೊರಟ ಮೇಲೆ ಆ ರೂಮಿಗೆ… ಇರಲಿ, ಸಕ್ಕರೆ ನೀರು ಆರಿದೆಯಾ ನೋಡಬೇಕು.