ಕಾಣಿಸಿಕೊಳ್ಳದೆ ನೋಡುವ ಗಾಡಿ

ಸೇನೆಯ ಬೇಹಿನ ಗಾಡಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಫೆನೆಕ್. ಜರ್ಮನಿ, ನೆದರ್ಲೆಂಡ್ಸ್ ಸೇರಿ ಮಾಡಿದ್ದು. ದೊಡ್ಡ ಫಿರಂಗಿ ಇಲ್ಲ, ಒಳಗೆ ಮೂರೇ ಜನ. ಕದ್ದು ನೋಡಿ ಸುದ್ದಿ ಕಳಿಸುವುದೇ ಕೆಲಸ.

ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಕಟಾವಿಗೆ ಬಂದ ನಮ್ಮ ಕಬ್ಬಿನ ಗದ್ದೆಯೊಳಗೆ ಇದು ನಿಂತರೆ ಚಾವಣಿಯೂ ಕಾಣುವುದಿಲ್ಲ. ಗಾಡಿಯ ಕ್ಯಾಮೆರಾ ಕಂಬ ಮಾತ್ರ ನೆಲದಿಂದ ಸುಮಾರು 3.3 ಮೀಟರ್ ಮೇಲೆದ್ದು ಗರಿಗಳ ಮೇಲಿಂದ ಇಣುಕುತ್ತದೆ. ಅದರ ತುದಿಯಲ್ಲಿ ಹಗಲಿನ ಕ್ಯಾಮೆರಾ, ಥರ್ಮಲ್ ಕ್ಯಾಮೆರಾ, ದೂರ ಅಳೆಯುವ ಲೇಸರ್. ಬೇಕಿದ್ದರೆ ಆ ಪೆಟ್ಟಿಗೆಯನ್ನು ಬಿಚ್ಚಿ, 40 ಮೀಟರ್ ಆಚೆ ಸ್ಟ್ಯಾಂಡ್ ಮೇಲೆ ಇಟ್ಟು ಗಾಡಿಯೊಳಗೆ ಕೂತೇ ನೋಡಬಹುದು. ಎಂಥ ಯೋಚನೆ ಅಲ್ವಾ!

ಥರ್ಮಲ್ ಕ್ಯಾಮೆರಾಗೆ ಬೆಳಕು ಬೇಡ, ಶಾಖದ ವ್ಯತ್ಯಾಸ ಸಾಕು. ಸೇನೆಯಲ್ಲಿದ್ದ ನಮ್ಮ ಚಿಕ್ಕಪ್ಪ ಹೇಳುತ್ತಿದ್ದರು: "ಎಂಜಿನ್ ಆಫ್ ಮಾಡಿದ್ರೂ ಬಾನೆಟ್ ಬಿಸಿ ಇರುತ್ತೆ ಕಣೋ, ಅದೇ ನಿನ್ನನ್ನ ಹಿಡಿದುಕೊಡುತ್ತೆ." ಆದರೆ ಈ ಕ್ಯಾಮೆರಾ ನೋಡುವ ಶಾಖದ ಕಿರಣಗಳು ಮಾಮೂಲಿ ಗಾಜನ್ನು ದಾಟುವುದಿಲ್ಲ. ಹಾಗಾಗಿ ಇಂಥ ಕ್ಯಾಮೆರಾಗಳ ಲೆನ್ಸ್ ಹೆಚ್ಚಾಗಿ ಜರ್ಮೇನಿಯಂ ಎಂಬ ಮೂಲವಸ್ತುವಿನದು. ನಮ್ಮ ಕಣ್ಣಿಗೆ ಅದು ಬೂದು ಲೋಹದ ಬಿಲ್ಲೆ, ಆಚೆ ಏನೂ ಕಾಣದು. ಶಾಖಕ್ಕೆ ಮಾತ್ರ ಅದೇ ಕಿಟಕಿ.