ಕ್ಲಾರಿನೆಟ್ ಕೇಳಿಸ್ತಾ?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ಗೆ ನಾನು ಮೊದಲ ಸಲ ಹೋಗಿದ್ದು ಆಟ ನೋಡುವುದಕ್ಕಲ್ಲ, ಹಾಫ್‌ಟೈಮ್ ನೋಡುವುದಕ್ಕೆ. ಮಗಳು ಆ ವರ್ಷ ಯೂನಿವರ್ಸಿಟಿಯ ಮಾರ್ಚಿಂಗ್ ಬ್ಯಾಂಡ್ ಸೇರಿದ್ದಳು. ಕ್ಲಾರಿನೆಟ್. ಆಗಸ್ಟ್‌ನಲ್ಲಿ ಕ್ಲಾಸು ಶುರುವಾಗುವ ಮೊದಲೇ ಬ್ಯಾಂಡ್ ಕ್ಯಾಂಪ್‌ಗೆ ಹೋಗಿ, ಬೆಳಗ್ಗಿಂದ ಸಂಜೆ ತನಕ ಬಿಸಿಲಲ್ಲಿ ನಡೆದು, ಕುತ್ತಿಗೆ ಸುಟ್ಟುಕೊಂಡು, ರಾತ್ರಿ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಹಾಗಾಗಿ ಆ ಶನಿವಾರಕ್ಕೆ ನಾನು ತುಂಬ ಕಾದಿದ್ದೆ. ಸಿಕ್ಕಿದ ಟಿಕೆಟ್ ತಗೊಂಡು ಹೋಗಿ ಕೂತೆ. ಹಾಫ್‌ಟೈಮ್ ಬಂತು, ಸುಮಾರು ಮುನ್ನೂರು ಮಕ್ಕಳು ಮೈದಾನ ತುಂಬಿದರು, ಅಕ್ಷರ ಕಟ್ಟಿದರು, ಬಿಚ್ಚಿದರು, ಸುತ್ತಿದರು. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಹಾಡು? ಡ್ರಮ್ಮಿನ ದಡಬಡ ಕೇಳಿಸಿತು, ಎಲ್ಲೋ ದೂರದಲ್ಲಿ ಯಾರೋ ಊದುತ್ತಿರುವ ಹಾಗೆ ಸ್ವಲ್ಪ ಸದ್ದು ಬಂತು, ಅಷ್ಟೇ. ಯಾವ ಹಾಡು ಅಂತ ಕೂಡ ಗೊತ್ತಾಗಲಿಲ್ಲ.

ಸಂಜೆ ಸಿಕ್ಕಾಗ ಹೇಳಿದೆ. ಅವಳು ಸೀಟು ಎಲ್ಲಿತ್ತು ಅಂತ ಕೇಳಿದಳು, ತೋರಿಸಿದೆ. "ಅಮ್ಮ, ನೀನು ನಮ್ಮ ಬೆನ್ನ ಹಿಂದೆ ಕೂತಿದ್ದೆ" ಅಂದಳು.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಬ್ಯಾಂಡಿಗೆ ಎದುರು, ಹಿಂದೆ ಅಂತ ಇರುತ್ತದೆ. ಮೈದಾನದಲ್ಲಿ ಎಷ್ಟು ದಿಕ್ಕಿಗೆ ನಡೆದರೂ, ಏಡಿಯ ಹಾಗೆ ಅಡ್ಡ ನಡೆದರೂ, ಹಿಂದಕ್ಕೆ ನಡೆದರೂ, ಊದುವಾಗ ಜಾಸ್ತಿ ಹೊತ್ತು ಸೊಂಟದಿಂದ ಮೇಲೆ ಎಲ್ಲರೂ ಒಂದೇ ಕಡೆ ತಿರುಗಿರುತ್ತಾರೆ. ಆ ಕಡೆ ಅಂದರೆ ಪ್ರೆಸ್ ಬಾಕ್ಸ್ ಇರುವ ಕಡೆ, ತವರು ತಂಡದ ಜನ ಕೂರುವ ಕಡೆ. ಟ್ರಂಪೆಟ್, ಟ್ರೊಂಬೋನ್‌ಗಳ ಬಾಯಿ ಎತ್ತ ತಿರುಗಿರುತ್ತದೋ ಅತ್ತಲೇ ಅವುಗಳ ಹೊಳಪೆಲ್ಲ ಹೋಗುತ್ತದೆ. ಬೆನ್ನ ಹಿಂದಿನವರಿಗೆ ಉಳಿಯುವುದು ಡ್ರಮ್ಮು ಮತ್ತು ಮಸುಕು ಮಸುಕಾದ ಗುಂಯ್.

ಅವತ್ತಿನಿಂದ ನನಗೆ ಇದರ ಹುಚ್ಚು ಹಿಡಿಯಿತು. ಸ್ಟೇಡಿಯಂನಲ್ಲಿ ಒಂದು ಬ್ಯಾಂಡ್ ಕೇಳಿಸಬೇಕು ಅಂದರೆ ಏನೇನು ಆಗಬೇಕು? ಮಗಳನ್ನು ಕೇಳಿ ಕೇಳಿ ತಲೆ ತಿಂದೆ, ಓದಿದೆ, ನಾಲ್ಕು ವರ್ಷ ಬೇರೆ ಬೇರೆ ಸೀಟಲ್ಲಿ ಕೂತು ನೋಡಿದೆ.

ಮೊದಲು ಜಾಗ ಎಂಥದ್ದು ನೋಡಿ. ಆ್ಯನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಕುದುರೆ ಲಾಳದ ಆಕಾರದ ಸ್ಟೇಡಿಯಂನಲ್ಲೂ ಒಂದು ಲಕ್ಷದ ಮೇಲೆ. ಇವುಗಳಿಗೆ ಚಾವಣಿ ಇಲ್ಲ. ಸಭಾಂಗಣದಲ್ಲಾದರೆ ಗೋಡೆ, ಚಾವಣಿ ಸದ್ದನ್ನು ಹಿಡಿದು ವಾಪಸ್ ಕೊಡುತ್ತವೆ, ಇಲ್ಲಿ ಅದು ಆಕಾಶಕ್ಕೆ ಹೋಗಿ ಮುಗಿಯಿತು. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಸರಿ, ಊದುವವರನ್ನು ಎರಡರಷ್ಟು ಮಾಡೋಣ ಅಂದರೆ ಏರುವುದು 3 ಡೆಸಿಬಲ್ ಮಾತ್ರ. ಅಂದರೆ ಎರಡರಷ್ಟು ದೂರದಲ್ಲಿ ಕೂತವರಿಗೂ ಮೊದಲಿನಷ್ಟೇ ಕೇಳಿಸಬೇಕು ಅಂದರೆ ಬ್ಯಾಂಡ್ ನಾಲ್ಕರಷ್ಟಾಗಬೇಕು! ಮುನ್ನೂರು ಮಕ್ಕಳ ಜಾಗದಲ್ಲಿ ಸಾವಿರದ ಇನ್ನೂರು. ಇದು ಲೆಕ್ಕಕ್ಕೆ ಸಿಗುವ ಕಷ್ಟ, ಇದರ ಮೇಲೆ ಗಾಳಿ, ಚಳಿ, ಜನರ ಗಲಾಟೆ ಬೇರೆ.

ಅದಕ್ಕೇ ಈ ಬ್ಯಾಂಡ್‌ಗಳ ವಾದ್ಯಗಳೇ ಬೇರೆ. ಆರ್ಕೆಸ್ಟ್ರಾದಲ್ಲಿ ಬಾರಿಸುವ ಫ್ರೆಂಚ್ ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಮೈದಾನದಲ್ಲಿ ಅದನ್ನು ಊದಿದರೆ ಹಿಂದೆ ನಡೆಯುವವರಿಗಷ್ಟೇ ಕೇಳುತ್ತದೆ, ಹಾಗಾಗಿ ಮುಂದಕ್ಕೆ ಬಾಯಿ ಇರುವ ಮೆಲೊಫೋನ್ ಹಿಡಿಯುತ್ತಾರೆ. ಮೈಗೆ ಸುತ್ತಿಕೊಂಡು ಹೆಗಲ ಮೇಲೆ ಕೂರುವ ದೊಡ್ಡ ಸೂಸಾಫೋನ್ ಇದೆಯಲ್ಲ, ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಕೇಳಿದ್ದಕ್ಕೆ 1890ರ ದಶಕದಲ್ಲಿ ಮಾಡಿದ್ದು ಅದು. ಆಗ ಅದರ ಬಾಯಿ ಆಕಾಶ ನೋಡುತ್ತಿತ್ತು, ಮುಂದಕ್ಕೆ ತಿರುಗಿದ್ದು ಆಮೇಲೆ. ಒಹಾಯೊ ಸ್ಟೇಟ್ ಬ್ಯಾಂಡ್ ಅಂತೂ 1934ರಿಂದ ಬರೀ ಹಿತ್ತಾಳೆ ವಾದ್ಯ ಮತ್ತು ಡ್ರಮ್ಮುಗಳ ಬ್ಯಾಂಡ್. ಮೈದಾನದಲ್ಲಿ ಓಡುಬರಹದಲ್ಲಿ 'ಒಹಾಯೊ' ಅಂತ ಬರೆಯುತ್ತಾ ಹೋಗುವುದು 1936ರಿಂದ ನಡೆದುಕೊಂಡು ಬಂದಿರುವ ಸಂಪ್ರದಾಯ, ಕೊನೆಗೆ ಸೂಸಾಫೋನ್ ವಾದಕರೊಬ್ಬರು 'ಐ' ಅಕ್ಷರದ ಚುಕ್ಕಿಯಾಗಿ ನಿಲ್ಲುತ್ತಾರೆ. ಒಮ್ಮೆಯಾದರೂ ನೋಡಬೇಕಾದದ್ದು. ಆದರೆ ಆ ಬ್ಯಾಂಡಿನಲ್ಲಿ ನನ್ನ ಮಗಳಿಗೆ ಜಾಗ ಇಲ್ಲ. ಕ್ಲಾರಿನೆಟ್, ಕೊಳಲು, ಸ್ಯಾಕ್ಸೊಫೋನ್ ಯಾವುದಕ್ಕೂ ಇಲ್ಲ.

ಇದು ನನ್ನನ್ನು ತುಂಬ ದಿನ ಕಾಡಿತು. ಕ್ಲಾರಿನೆಟ್‌ನ ಸದ್ದು ಟ್ರಂಪೆಟ್ ಹಾಗೆ ಬಾಣದಂತೆ ಹೋಗುವುದಿಲ್ಲ. ಅದರ ಉದ್ದಕ್ಕೂ ಇರುವ ತೂತುಗಳಿಂದ ಸುತ್ತ ಹರಡಿಕೊಳ್ಳುತ್ತದೆ. ಮೂವತ್ತು ಕ್ಲಾರಿನೆಟ್ ಒಟ್ಟಿಗೆ ನುಡಿದರೂ ಹಿಂದೆ ಟ್ರಂಪೆಟ್‌ಗಳು ಏರಿದ ಕೂಡಲೇ ಮುಚ್ಚಿಹೋಗುತ್ತದೆ. ಹೊರಗೆ ನುಡಿಸುವುದಕ್ಕೆ ಮರದ ಕ್ಲಾರಿನೆಟ್ ಕೂಡ ತರುವ ಹಾಗಿಲ್ಲ, ಬಿಸಿಲಿಗೆ ಚಳಿಗೆ ಸೀಳುತ್ತದೆ. ಪ್ಲಾಸ್ಟಿಕ್‌ನದ್ದು ಹಿಡಿಯಬೇಕು. ನವೆಂಬರ್‌ನಲ್ಲಿ ತಣ್ಣಗಾದಷ್ಟೂ ಶ್ರುತಿ ಇಳಿಯುತ್ತದೆ, ಬೆರಳು ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ನುಡಿಸುತ್ತಾರೆ. ಇಷ್ಟೆಲ್ಲ ಮಾಡಿ ಕೇಳಿಸದೇ ಹೋದರೆ ಬೇಜಾರಾಗುವುದಿಲ್ವಾ ಅಂತ ಕೇಳಿದೆ. "ನಾವು ಇಲ್ಲದಿದ್ದರೆ ಬ್ಯಾಂಡ್ ಗಟ್ಟಿಯಾಗಿ ಕೇಳತ್ತೆ, ಆದರೆ ತೆಳ್ಳಗೆ ಕೇಳತ್ತೆ" ಅಂದಳು. ಆಗ ನನಗೆ ಅರ್ಥ ಆಗಲಿಲ್ಲ.

ಎಲ್ಲಕ್ಕಿಂತ ನನಗೆ ಆಶ್ಚರ್ಯ ಅನಿಸಿದ್ದು ತಾಳದ ವಿಷಯ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕೇಳೋಕೆ ಭಾರಿ ವೇಗ, ಆದರೆ ಮೈದಾನ ಅದಕ್ಕಿಂತ ದೊಡ್ಡ ಆಟ ಆಡುತ್ತದೆ. ಒಂದು ಗೋಲ್ ಲೈನ್‌ನಿಂದ ಇನ್ನೊಂದಕ್ಕೆ 100 ಗಜ, ಅಂದರೆ 91 ಮೀಟರ್ ಚಿಲ್ಲರೆ. ಆ ತುದಿಯಲ್ಲಿ ಊದಿದ್ದು ಈ ತುದಿಗೆ ಬರುವಷ್ಟರಲ್ಲಿ ಕಾಲು ಸೆಕೆಂಡಿಗಿಂತ ಜಾಸ್ತಿ ಆಗಿರುತ್ತದೆ. ನಿಮಿಷಕ್ಕೆ 120 ಏಟಿನ ಹಾಡಾದರೆ ಅಷ್ಟರಲ್ಲಿ ಅರ್ಧ ಏಟಿಗಿಂತ ಹೆಚ್ಚು ಮುಗಿದುಹೋಗಿರುತ್ತದೆ. ಆ ತುದಿಯವನು ಈ ತುದಿಯವಳನ್ನು ಕೇಳಿಕೊಂಡು ನುಡಿಸಿದ ಅಂದರೆ ಹಾಡು ಮಧ್ಯದಲ್ಲಿ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಮಕ್ಕಳೂ ಅದನ್ನು ಹರಿಯುವುದು ಅಂತಲೇ ಕರೆಯುತ್ತಾರೆ.

ಚಿಕ್ಕಂದಿನಿಂದ ಸಂಗೀತ ಕಲಿಯುವಾಗ ಏನು ಹೇಳಿಕೊಡುತ್ತಾರೆ? ಪಕ್ಕದವರನ್ನು ಕೇಳು, ಕೂಡಿ ನುಡಿಸು. ಇಲ್ಲಿ ಬ್ಯಾಂಡ್ ಕ್ಯಾಂಪಿನ ಮೊದಲ ವಾರವೇ ಅದಕ್ಕೆ ತದ್ವಿರುದ್ಧ ಕಲಿಸುತ್ತಾರೆ. ದೂರದಿಂದ ಅಡ್ಡ ಬರುವ ಸದ್ದನ್ನು ನಂಬಬೇಡ. ಡ್ರಮ್‌ಗಳು ನಟ್ಟನಡುವೆ, ಹಿಂದುಗಡೆ ನಿಂತಿರುತ್ತವೆ. ಡ್ರಮ್ಮಿನವರು ಎತ್ತರದ ಏಣಿಯ ಮೇಲೆ ನಿಂತು ಕೈಯಲ್ಲಿ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡುತ್ತಾರೆ, ಬೆಳಕಿಗೆ ತಡ ಅನ್ನುವುದೇ ಇಲ್ಲವಲ್ಲ. ಅವರ ಮುಂದೆ ನಿಂತವರು ಹಿಂದಿನಿಂದ ಬರುವ ಡ್ರಮ್ಮಿನ ಏಟು ತಮ್ಮ ಕಿವಿಗೆ ತಾಗಿದಾಗ ಅದರ ಮೇಲೆ ನುಡಿಸುತ್ತಾರೆ. ಆಗ ಡ್ರಮ್ಮಿನ ಸದ್ದು, ಅದರ ಮುಂದಿನವರ ಸದ್ದು, ಇನ್ನೂ ಮುಂದಿನವರ ಸದ್ದು ಎಲ್ಲ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಒಂದೇ ಅಲೆಯಾಗಿ ಜನರ ಕಡೆ ಹೋಗುತ್ತದೆ. ಮೈದಾನದಲ್ಲಿ ನಿಂತವರಿಗೆ ಅದು ಸರಿಯಾಗಿ ಕೇಳಿಸುವುದೇ ಇಲ್ಲ, ಸರಿಯಾಗಿ ಕೇಳಿಸುವುದು ಮೇಲೆ ಕೂತವರಿಗೆ ಮಾತ್ರ. ತಮ್ಮ ಕಿವಿಗೆ ತಪ್ಪು ಅನಿಸುವುದನ್ನು, ನಮ್ಮ ಕಿವಿಗೆ ಸರಿ ಬರಲಿ ಅಂತ, ಇಪ್ಪತ್ತು ವರ್ಷದ ಮಕ್ಕಳು ಐದು ಗಜಕ್ಕೆ ಎಂಟು ಹೆಜ್ಜೆಯ ಲೆಕ್ಕದಲ್ಲಿ ನಡೆಯುತ್ತಾ, ನೋಟ್ಸ್ ಬಾಯಿಪಾಠ ಮಾಡಿಕೊಂಡು, ಟೋಪಿಯ ಗರಿ ಅಲ್ಲಾಡದ ಹಾಗೆ ನುಡಿಸುತ್ತಾರೆ. ಇದು ಗೊತ್ತಾದ ಮೇಲೆ ನಾನು ಹಾಫ್‌ಟೈಮ್‌ನಲ್ಲಿ ಒಂದು ಸಲವೂ ಎದ್ದು ಹೋಗಿಲ್ಲ.

ಕಿವಿಯ ಮಾತು ಬಂತಲ್ಲ, ತಂದೆ ತಾಯಿಯರಿಗೆ ಒಂದು ಮಾತು. ಕೇಳಿಸಬೇಕು ಅಂತ ಹೊರಟವರ ಕಿವಿಯೇ ಮೊದಲು ಪೆಟ್ಟು ತಿನ್ನುತ್ತದೆ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು ಅಂತ ಅಮೆರಿಕದ ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧ ಆಗುತ್ತದೆ, 100 ಡೆಸಿಬಲ್‌ಗೆ ಬಂದರೆ ಹದಿನೈದೇ ನಿಮಿಷ. ಡ್ರಮ್ಮಿನ ಪಕ್ಕ ನಿಲ್ಲುವ ಮಕ್ಕಳು ದಿನಾ ಎರಡು ಗಂಟೆ ಪ್ರಾಕ್ಟೀಸ್ ಮಾಡುತ್ತಾರೆ. ಸಂಗೀತಗಾರರಿಗೆ ಅಂತಲೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ದಯವಿಟ್ಟು ಕೊಡಿಸಿ, ಹಾಕಿಕೊಂಡಿದ್ದಾರಾ ಅಂತ ಕೇಳುತ್ತಿರಿ.

ಈಗ ನನ್ನ ಸಿಟ್ಟು. ಇಷ್ಟು ಕಷ್ಟಪಟ್ಟು ಕಲಿತ ಮಕ್ಕಳನ್ನು ಕೇಳಿಸದ ಹಾಗೆ ಮಾಡುವುದು ದೂರವೂ ಅಲ್ಲ, ಗಾಳಿಯೂ ಅಲ್ಲ. ಸ್ಪೀಕರ್. ಆಟ ನಿಂತ ಕೂಡಲೇ ಮೊದಲು ಬ್ಯಾಂಡ್ ನುಡಿಸುತ್ತಿತ್ತು. ಈಗ ಅನೇಕ ಕಡೆ ಆ ಹೊತ್ತನ್ನು ದೊಡ್ಡ ಪರದೆಯ ಜಾಹೀರಾತು, ರೆಕಾರ್ಡ್ ಹಾಡು ನುಂಗುತ್ತವೆ. ಎದುರು ತಂಡಕ್ಕೆ ತಮ್ಮವರು ಕೂಗುವ ಸಂಕೇತ ಕೇಳಿಸದಂತೆ ಸದ್ದು ಮಾಡಬಾರದು ಅಂತ ಕಾಲೇಜ್ ಫುಟ್‌ಬಾಲ್ ನಿಯಮವೇ ಇದೆ, ಬ್ಯಾಂಡಿಗೂ ಅದು ಅನ್ವಯ, ಅದು ನ್ಯಾಯವೇ. ಹಾಗಾಗಿ ಬ್ಯಾಂಡಿಗೆ ಸಿಗುವುದೇ ಆಟದ ನಡುವಿನ ಚೂರುಪಾರು ಸೆಕೆಂಡುಗಳು. ಅದನ್ನೂ ಸ್ಪೀಕರ್ ಕಿತ್ತುಕೊಂಡರೆ? ಒಂದು ಸಲ ಮಗಳ ಬ್ಯಾಂಡ್ ತುತ್ತೂರಿ ಎತ್ತಿ ಎರಡು ಸಾಲು ನುಡಿಸಿತ್ತಷ್ಟೇ, ಮೇಲಿನಿಂದ ಸ್ಪೀಕರ್ ಗುಡುಗಿತು. ಮಕ್ಕಳು ಒಬ್ಬೊಬ್ಬರೇ ವಾದ್ಯ ಕೆಳಗಿಳಿಸಿದರು. ಅದನ್ನು ನೋಡೋಕಾಗಲಿಲ್ಲ ನನಗೆ. ಅವರನ್ನು ಕೂರಿಸಿದ್ದೂ ಮೂಲೆಯಲ್ಲಿ, ನಡುವಿನ ಸೀಟು ದುಬಾರಿಗೆ ಮಾರಿಹೋಗುತ್ತದೆ ನೋಡಿ. ನಾನು ಇ-ಮೇಲ್ ಬರೆದೆ, ನನ್ನ ಹಾಗೆ ಇನ್ನೂ ಕೆಲವು ತಾಯಂದಿರು ಬರೆದರು. ಥ್ಯಾಂಕ್ಯೂ ಅಂತ ಉತ್ತರ ಬಂತು, ಸ್ಪೀಕರ್ ಹಾಗೇ ಇತ್ತು.

ಬೇರೆ ಥರ ಇರಬಹುದು ಅಂತ ತೋರಿಸುವ ಕಡೆಗಳೂ ಇವೆ. ಕಪ್ಪು ಜನರಿಗಾಗಿ ಶುರುವಾದ ಕಾಲೇಜುಗಳ ಬ್ಯಾಂಡ್‌ಗಳನ್ನು ಕೇಳಿ. ಫ್ಲಾರಿಡಾ ಎ ಅಂಡ್ ಎಂ ಬ್ಯಾಂಡನ್ನು ವಿಲಿಯಂ ಫಾಸ್ಟರ್ 1946ರಿಂದ ಕಟ್ಟಿ ಬೆಳೆಸಿದರು. ಮಂಡಿ ಎದೆಯ ಮಟ್ಟಕ್ಕೆ ಎತ್ತಿ ನಡೆಯುವ ಆ ಬ್ಯಾಂಡ್ 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಮೆರವಣಿಗೆಗೆ ಪ್ಯಾರಿಸ್‌ಗೆ ಹೋಗಿತ್ತು. ಗ್ರ್ಯಾಂಬ್ಲಿಂಗ್‌ನ ಬ್ಯಾಂಡ್ 1967ರ ಮೊದಲ ಸೂಪರ್ ಬೌಲ್‌ನಲ್ಲೇ, ಅಂದರೆ ವೃತ್ತಿಪರ ಫುಟ್‌ಬಾಲ್‌ನ ಫೈನಲ್‌ನಲ್ಲೇ, ನುಡಿಸಿತು. ಜ್ಯಾಕ್ಸನ್ ಸ್ಟೇಟ್, ಸದರ್ನ್ ಯೂನಿವರ್ಸಿಟಿ ಆಟಗಳಲ್ಲಿ ಹಾಫ್‌ಟೈಮ್‌ಗೆ ಜನ ಎದ್ದು ಹೋಗುವುದಿಲ್ಲ, ಎಲ್ಲೋ ಹೋದವರೂ ಓಡಿ ಬಂದು ಕೂರುತ್ತಾರೆ. ನಾಲ್ಕು ಕ್ವಾರ್ಟರ್‌ಗಳ ಆಟ ಮುಗಿದ ಮೇಲೆ 'ಐದನೇ ಕ್ವಾರ್ಟರ್' ಅಂತ ಎರಡೂ ಬ್ಯಾಂಡ್‌ಗಳು ಎದುರು ಬದುರು ಕೂತು, ಒಂದಕ್ಕೆ ಇನ್ನೊಂದು ಉತ್ತರ ಕೊಡುತ್ತಾ ನುಡಿಸುತ್ತವೆ. ಆ ಜನ ಕೇಳೋಕೆ ಅಂತಲೇ ಬಂದಿರುತ್ತಾರೆ. ಬ್ಯಾಂಡ್ ಕೇಳಿಸುವುದರಲ್ಲಿ ಅರ್ಧ ಪಾಲು ಇದೇ ಅಂತ ನನಗನಿಸುತ್ತದೆ.

ಮಗಳ ಕೊನೇ ವರ್ಷದ ಕೊನೇ ಹೋಮ್ ಗೇಮ್ ನವೆಂಬರ್‌ನಲ್ಲಿತ್ತು. ಸೋತಿದ್ದರು, ಚಳಿ ಬೇರೆ, ಜನ ಬೇಗ ಖಾಲಿಯಾದರು. ಆಟ ಮುಗಿದ ಮೇಲೆ ಬ್ಯಾಂಡ್ ಮತ್ತೆ ಮೈದಾನಕ್ಕೆ ಬಂದು ಸ್ವಲ್ಪ ಹೊತ್ತು ನುಡಿಸುವುದು ಅಲ್ಲಿನ ರೂಢಿ. ನಾನು ಈ ಕಡೆ, ಸರಿಯಾದ ಕಡೆ, ಇಪ್ಪತ್ತೈದನೇ ಸಾಲಿನಲ್ಲಿದ್ದೆ. ಸ್ಪೀಕರ್ ಆಫ್ ಆಗಿತ್ತು. ಎದುರಿನ ಖಾಲಿ ಮೆಟ್ಟಿಲುಗಳಿಗೆ ಬಡಿದು ಟ್ರಂಪೆಟ್ ಸದ್ದು ಒಂದು ಗಳಿಗೆ ಬಿಟ್ಟು ವಾಪಸ್ ಬರುತ್ತಿತ್ತು. ಕೊನೆಗೆ ಕಾಲೇಜಿನ ಹಾಡು. ಅದರಲ್ಲಿ ಒಂದು ಕಡೆ ಹಿತ್ತಾಳೆ ವಾದ್ಯಗಳೆಲ್ಲ ಮೆಲ್ಲಗಾಗುತ್ತವೆ, ಆಗ ಅಡಿಯಲ್ಲಿ ಏನೋ ಬೆಚ್ಚಗೆ ಹರಿದ ಹಾಗಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಪಾರ್ಕಿಂಗ್ ಕಡೆ ನಡೆಯುವಾಗ ಅವಳೇ ಮೊದಲು ಕೇಳಿದಳು. "ಅಮ್ಮ, ಎರಡನೇ ಹಾಡಲ್ಲಿ ಎಡಗಡೆ ತಾಳ ಹರಿದದ್ದು ಗೊತ್ತಾಯ್ತಾ?"

"ಇಲ್ಲ. ಕ್ಲಾರಿನೆಟ್ ಕೇಳಿಸ್ತು."

ಅವಳು ನಿಂತಳು. "ಎಲ್ಲಿ?"

ನಾನು ಆ ಸಾಲನ್ನು ಗುನುಗಿದೆ, ಇಳಿದು ಮತ್ತೆ ಒಂದು ಮೆಟ್ಟಿಲು ಏರುತ್ತದಲ್ಲ, ಅದನ್ನು.

"ಅದು ಮೇನ್ ಟ್ಯೂನ್ ಅಲ್ಲಮ್ಮ" ಅಂದಳು. "ಸೆಕೆಂಡ್ ಕ್ಲಾರಿನೆಟ್. ಅದು ನಂದು."