ಮೈಲುತುತ್ತ ಮತ್ತು ಚೆರ್ರಿ ಸಿಗಡಿ

ಕಾಳುಮೆಣಸಿನ ಬಳ್ಳಿಗೆ ಬೋರ್ಡೋ, ಅಂದ್ರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುವ ಕೆಲಸ ಶುರುವಾಗಿದೆ. ಮಳೆ ಹಿಡಿಯುವ ಮುಂಚೆ ಕೊಡಗಿನ ತೋಟಗಳಲ್ಲೆಲ್ಲ ಇದೇ ಗಡಿಬಿಡಿ. ನಮ್ಮ ಮನೆಯಲ್ಲಿ ಮಾತ್ರ ಒಂದು ಕಾನೂನು ಜಾಸ್ತಿ. ಮೈಲುತುತ್ತ ಮುಟ್ಟಿದ ಕೈ ಅಕ್ವೇರಿಯಂ ಹತ್ತಿರ ಬರಬಾರದು, ಆ ಬಕೆಟ್ಟೂ ಬರಬಾರದು. ಒಳಗಿರುವುದು ಕೆಂಪು ಚೆರ್ರಿ ಸಿಗಡಿ. ಮೈಲುತುತ್ತದಲ್ಲಿರುವುದು ತಾಮ್ರ, ಅದು ನೀರಲ್ಲಿ ಸ್ವಲ್ಪ ಹೆಚ್ಚಾದರೂ ಇವು ಸಾಯುತ್ತವೆ. ತಮಾಷೆ ಅಂದ್ರೆ, ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೂ ತಾಮ್ರವೇ. ನಮ್ಮ ರಕ್ತದಲ್ಲಿ ಆ ಕೆಲಸ ಕಬ್ಬಿಣದ್ದು. ಬಳ್ಳಿಗೆ ಮದ್ದು, ಸಿಗಡಿಗೆ ಉಸಿರು, ಅಳತೆ ತಪ್ಪಿದರೆ ವಿಷ. ವಿಚಿತ್ರ ಅಲ್ವಾ?

ಈಗ ಒಂದು ಹೆಣ್ಣು ಹೊಟ್ಟೆಯಡಿ ಮೊಟ್ಟೆ ಹೊತ್ತು ಜಾವಾ ಮಾಸ್ ಎಂಬ ಪಾಚಿಯ ಮೇಲೆ ಕೂತಿದೆ. ಈಜುಕಾಲುಗಳನ್ನು ಬೀಸುತ್ತಲೇ ಇರುತ್ತದೆ, ಮೊಟ್ಟೆಗಳಿಗೆ ಹೊಸ ನೀರು ಸಿಗಲಿ ಅಂತ. ಒಡೆಯಲು ಸುಮಾರು 3-4 ವಾರ. ಮರಿಗಳು ಹುಟ್ಟುವಾಗಲೇ ಅಮ್ಮನ ಅಚ್ಚು, ಉದ್ದ 2 ಮಿಲಿಮೀಟರ್ ಆಸುಪಾಸು. ಅಮಾನೊ ಸಿಗಡಿಯ ಮರಿ ಬೆಳೆಯಲು ಉಪ್ಪುನೀರು ಬೇಕು. ಇವಕ್ಕೆ ಆ ರಗಳೆ ಇಲ್ಲ. ಫಿಲ್ಟರ್ ಮಾತ್ರ ಸ್ಪಂಜಿನದೇ ಆಗಬೇಕು, ಇಲ್ಲದಿದ್ದರೆ ಮರಿಗಳನ್ನು ಎಳೆದುಕೊಂಡುಬಿಡುತ್ತದೆ.

ಮಡಿಕೇರಿಯ ತಂಪು ಇವಕ್ಕೆ ಒಗ್ಗುತ್ತದೆ. ಚಳಿಗಾಲದಲ್ಲಿ ಮರಿ ಹಾಕುವುದು ನಿಧಾನ, ಅಷ್ಟೇ. ತಲೆನೋವು ಇರುವುದು ನೀರು ಮೆದುವಾಗಿದ್ದರೆ. ಸುಣ್ಣದಂಶ ಕಮ್ಮಿಯಾದರೆ ಪೊರೆ ಕಳಚುವಾಗಲೇ ಸಿಗಡಿ ಸಾಯಬಹುದು. ಅದಕ್ಕೆ ಖನಿಜದ ಪುಡಿ ಹಾಕುತ್ತೇನೆ. ಕಳಚಿದ ಪೊರೆಯನ್ನೂ ತೆಗೆಯುವುದಿಲ್ಲ, ಅವೇ ತಿಂದುಕೊಳ್ಳುತ್ತವೆ.

ಅತ್ತೆಯದು ಒಂದೇ ಪ್ರಶ್ನೆ: "ಇಷ್ಟೆಲ್ಲ ಸೇವೆ ಮಾಡ್ತೀಯಲ್ಲ, ಸಾರು ಯಾವಾಗ?"